ಬಿಚ್ಚದೆ ನೋಡುತ್ತಿದ್ದ ಮೇಸ್ತ್ರಿ

ಯಾರ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಕೂರುವುದಕ್ಕೆ ಜಾಗ. ಕೆಟ್ಟು ನಿಂತ ಗಾಡಿಯನ್ನಲ್ಲ, ಕರೆಸಿದ ಯಜಮಾನನ ಮುಖವನ್ನೂ ಅಲ್ಲ. ಜಗಲಿಯೋ, ಒರಳುಕಲ್ಲೋ, ಮೂಟೆಯೋ, ಸಿಕ್ಕಿದ್ದರ ಮೇಲೆ ಕೂತು, ತಲೆಗೆ ಸುತ್ತಿದ ಟವಲು ಬಿಚ್ಚಿ ಮುಖ ಒರೆಸಿಕೊಂಡು, "ಒಸಿ ತಡೀರಿ ಸಾ, ಜೀವ ಬರ್ಲಿ" ಅನ್ನುತ್ತಿದ್ದರು. ಕರೆಸಿದವರಿಗೆ ಮೈಯೆಲ್ಲ ಉರಿಯುತ್ತಿತ್ತು. ನನಗೂ ಉರಿದಿತ್ತು. ಆದರೆ ಅವರು ಯಾರ ಅವಸರಕ್ಕೂ ಎದ್ದವರಲ್ಲ.

ಅವರ ಹೆಸರು ಬರೆಯುವುದಿಲ್ಲ. ಮನೆಯವರು ಇನ್ನೂ ಆ ಕಡೆಯೇ ಇದ್ದಾರೆ, ನಾನು ಬರೆಯಬೇಕೆಂದಿರುವುದು ಅವರಿಗೆ ಗೊತ್ತಿಲ್ಲದ ಸಂಗತಿ. ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು, ಅಷ್ಟೇ ಸಾಕು.

ಕೊಳ್ಳೇಗಾಲದ ಒಂದು ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅವರ ಕೆಲಸ. ಗೂಡು ಬೇಯಿಸುವುದಕ್ಕೆ ಬೆಳಗಿನಿಂದ ಸಂಜೆವರೆಗೆ ಹಬೆ ಬೇಕು, ಹಬೆಗೆ ಬಾಯ್ಲರ್ ಉರಿಯಬೇಕು, ಬಾಯ್ಲರಿನ ಮುಂದೆ ಅವರು ಉರಿಯಬೇಕು. ಮನೆ ಇದ್ದದ್ದು ಯಳಂದೂರು ತಾಲ್ಲೂಕಿನ ಅಗರದಲ್ಲಿ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಹೀಗಾಗಿ ದಿನವೂ ಸೈಕಲ್ ತುಳಿದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಬಂದು ಹೋಗುತ್ತಿದ್ದರು. "ನಂಗ ಎರಡು ಸರ್ಕಾರ ಕಣ್ಲಾ. ಒಂದ್ರಲ್ಲಿ ಬೇಯ್ತಿನಿ, ಒಂದ್ರಲ್ಲಿ ಮನಗ್ತಿನಿ. ಬೇಯದೇ ಜಾಸ್ತಿ" ಎಂದು ಒಮ್ಮೆ ಹೇಳಿದ್ದರು. ನಗಿಸುವುದಕ್ಕೆ ಹೇಳಿದ್ದಲ್ಲ. ಅವರ ಕಣ್ಣಿನ ಸುತ್ತ ಯಾವಾಗಲೂ ನಿದ್ದೆ ಸಾಲದ ಕಪ್ಪು ಇರುತ್ತಿತ್ತು.

ಯುದ್ಧದ ಕಾಲದಲ್ಲಿ ಸೈನ್ಯದ ವರ್ಕ್‌ಶಾಪ್ ಸೇರಿ ಬರ್ಮಾ ಗಡಿಯ ಕಡೆಗೆ ಹೋಗಿ ಬಂದಿದ್ದರು. ಅದೇ ಅವರಿಗೆ ಮುಳುವಾಯಿತು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಏನೇ ಯಂತ್ರ ಕೆಟ್ಟರೂ, ಅಕ್ಕಿ ಗಿರಣಿಯ ಇಂಜಿನ್ನಾಗಲಿ ಬಸ್ಸಾಗಲಿ, ಭಾನುವಾರ ಅವರ ಬಾಗಿಲಿಗೆ ಜನ ಬರುತ್ತಿದ್ದರು. ವಾರಕ್ಕೊಂದೇ ರಜೆ, ಅದೂ ಊರವರ ಪಾಲು. ಬೈದುಕೊಳ್ಳುತ್ತಲೇ ಹೋಗುತ್ತಿದ್ದರು. ಹೋಗಲಾರೆ ಅಂದದ್ದನ್ನು ನಾನು ಕೇಳಿಲ್ಲ.

ಕೆಲಸದ ರೀತಿಯೇ ಬೇರೆ. ನಮ್ಮ ಕಡೆ ಮೆಕ್ಯಾನಿಕ್ ಅಂದರೆ ಬಂದ ಕೂಡಲೇ ಸ್ಪ್ಯಾನರ್ ಹಿಡಿಯಬೇಕು, ಅರ್ಧ ಗಂಟೆಯಲ್ಲಿ ನೆಲದ ತುಂಬ ಸಾಮಾನು ಹರಡಬೇಕು, ಆಗಲೇ ಯಜಮಾನನಿಗೆ ಸಮಾಧಾನ. ಇವರು ಹಾಗಲ್ಲ. ಮೊದಲ ದಿನ ಸ್ಪ್ಯಾನರ್ ಚೀಲದ ದಾರವನ್ನೇ ಬಿಚ್ಚುತ್ತಿರಲಿಲ್ಲ. ಪಂಡಿತರು ಕಾಯಿಲೆಯವನನ್ನು ಕೇಳುವ ಹಾಗೆ ಕೂತಲ್ಲೇ ಒಬ್ಬೊಬ್ಬರನ್ನೂ ಬೇರೆಬೇರೆ ಕೇಳುತ್ತಿದ್ದರು. "ಬಿಚ್ಚಾದು ಯಾವನ್ ಬೇಕಾದ್ರೂ ಬಿಚ್ಚಾನು. ಬಿಚ್ದೆ ಇರಾದು ಕಷ್ಟ ಕಣ್ಲಾ" ಅನ್ನುತ್ತಿದ್ದರು.

ಹನೂರಿನ ಬಸ್ಸೊಂದರ ಕಥೆ ಕೇಳಿದ್ದೆ. ನೀರು ಕುದಿಯುತ್ತದೆ ಎಂದು ಎರಡು ಸಲ ರೇಡಿಯೇಟರ್ ಬಿಚ್ಚಿ ತೊಳೆದಿದ್ದರಂತೆ, ಪಂಪು ಬದಲಾಯಿಸಿದ್ದರಂತೆ, ಆದರೂ ಕುದಿಯುತ್ತಿತ್ತು. ಇವರು ಹೋಗಿ ಕೂತು ಕಂಡಕ್ಟರನನ್ನು ಕೇಳಿದರು, "ಯಾವತ್ತು ಕುದೀತದ?" ಅವನು ಲೆಕ್ಕ ಹಾಕಿ ಸಂತೆಯ ದಿನ ಅಂದ. "ಓಗೋವಾಗ್ಲಾ ಬರೋವಾಗ್ಲಾ?" ಬರುವಾಗ ಅಂದ. "ಬರೋವಾಗ ಮುಂದ್ಗಡೆ ಏನ್ ಕಟ್ಕತೀರಿ?" ಸಂತೆ ಮುಗಿಸಿ ಬರುವವರ ಕೋಳಿ ಬುಟ್ಟಿಗಳನ್ನೆಲ್ಲ ಅವನು ರೇಡಿಯೇಟರಿನ ಮುಂದೆ ಸಾಲಾಗಿ ಕಟ್ಟಿಕೊಂಡು ಬರುತ್ತಿದ್ದ. ಗಾಳಿ ಎಲ್ಲಿಂದ ಹೋಗಬೇಕು? "ಕೋಳಿ ಮೇಲ್ಗಡೆ ಕಟ್ಟು" ಎಂದು ಹೇಳಿ ಎದ್ದು ಬಂದರಂತೆ. ಅವತ್ತು ಅವರ ಕೈಗೆ ಮಸಿ ಕೂಡ ಹತ್ತಿರಲಿಲ್ಲ.

ನಾನು ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಸ್ಟೀರಿಂಗ್ ಹಿಡಿಯುವುದು ಕಲಿತವನು. ಆಮೇಲೆ ಮಧುವನಹಳ್ಳಿಯ ಸಾವ್ಕಾರರ ಮನೆಗೆ ಡ್ರೈವರ್ ಆದೆ. ಜಮೀನು, ರೇಷ್ಮೆ ವ್ಯಾಪಾರ ಎರಡೂ ಇದ್ದ ಶೈವರ ಮನೆ. ನೀಲಗಿರಿಯ ಒಬ್ಬ ಬಿಳಿ ದೊರೆ ತೋಟ ಮಾರಿ ಸೀಮೆಗೆ ಹೊರಟಾಗ ಅವನ ಅಮೆರಿಕದ ಕಾರನ್ನು ಸಾವ್ಕಾರರು ಕೊಂಡುಕೊಂಡರು. ಕ್ಲಚ್ಚೇ ಇಲ್ಲದ ಕಾರು. ತನ್ನಷ್ಟಕ್ಕೆ ತಾನೇ ಗೇರು ಬದಲಾಯಿಸಿಕೊಂಡು ಹೋಗುತ್ತಿತ್ತು. ಮೊದಲ ತಿಂಗಳು ಕೊಳ್ಳೇಗಾಲದ ಪೇಟೆಯಲ್ಲಿ ನಿಲ್ಲಿಸಿದರೆ ಜನ ಕಿಟಕಿಯಿಂದ ಬಗ್ಗಿ ನನ್ನ ಎಡಗಾಲನ್ನು ನೋಡುತ್ತಿದ್ದರು. ಕೆಲಸವಿಲ್ಲದೆ ಸುಮ್ಮನೆ ಬಿದ್ದಿರುವ ಡ್ರೈವರನ ಕಾಲನ್ನು ಅವರು ಎಲ್ಲೂ ಕಂಡಿರಲಿಲ್ಲ. ನನಗೂ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ಕಾರನ್ನು ನಾನು ಮಗುವಿನ ಹಾಗೆ ನೋಡಿಕೊಂಡೆ. ಬೆಳಿಗ್ಗೆ ಸ್ನಾನ ಮಾಡದೆ ಬಾಗಿಲು ತೆಗೆಯುತ್ತಿರಲಿಲ್ಲ. ಸ್ಟೀರಿಂಗಿಗೆ ವಿಭೂತಿ ಹಚ್ಚಿ, ಊದುಬತ್ತಿ ತೋರಿಸಿ, ನೀರು ನೋಡಿ, ಎಣ್ಣೆ ನೋಡಿ, ಆಮೇಲೆ ಇಂಜಿನ್ ಶುರು ಮಾಡುವುದು. ಗಾಡಿಯನ್ನು ಎಬ್ಬಿಸುವ ಮುಂಚೆ ಎಲ್ಲ ನೋಡಿಕೊಳ್ಳಬೇಕು, ಎದ್ದ ಮೇಲೆ ಕಡ್ಡಿ ಹಾಕಬಾರದು ಎಂದು ಬಸ್ಸಿನಲ್ಲಿ ನನಗೆ ಕಲಿಸಿದ ಹಿರಿಯ ಡ್ರೈವರು ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಈ ಕಾರಿಗೆ ಎರಡು ಕಡ್ಡಿ. ಇಂಜಿನ್ನಿನ ಎಣ್ಣೆ ಅಳೆಯುವುದು ಒಂದು. ಇನ್ನೊಂದು ಗೇರಿನ ಎಣ್ಣೆಯದು, ಮುಂದಿನ ಸೀಟಿನ ಕಾಲಡಿಯ ಹಾಸು ಎತ್ತಿದರೆ ಸಣ್ಣ ಮುಚ್ಚಳದ ಕೆಳಗೆ ಇರುತ್ತಿತ್ತು. ಅದನ್ನೂ ದಿನಾ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಿದ್ದೆ. ಒಂದು ದಿನವೂ ಎಣ್ಣೆ ಗೆರೆಯಿಂದ ಕೆಳಗೆ ಇಳಿದದ್ದಿಲ್ಲ.

ಹೀಗಿರುವಾಗ ಕಾರು ಏರಿನಲ್ಲಿ ಕೈಕೊಡಲು ಶುರುವಾಯಿತು. ಹನೂರು ದಾಟಿದ ಮೇಲಿನ ಏರಿನಲ್ಲಿ ಇಂಜಿನ್ ಹೋ ಎಂದು ಅರಚುತ್ತಿತ್ತು, ಚಕ್ರ ಮಾತ್ರ ಮುಂದಕ್ಕೆ ಉರುಳುತ್ತಿರಲಿಲ್ಲ. ಬಯಲಿಗೆ ಬಂದರೆ ಏನೂ ಆಗದ ಹಾಗೆ ಓಡುತ್ತಿತ್ತು. ದಿನ ಕಳೆದಂತೆ ಸಣ್ಣ ದಿಬ್ಬವನ್ನೂ ಹತ್ತದಾಯಿತು. ಒಂದು ಸಲ ಸಾವ್ಕಾರರು ಬೀಗರೆದುರಿಗೇ ಇಳಿದು ನಡೆಯಬೇಕಾಯಿತು, ನಾಲ್ಕು ಜನ ಕಾರು ತಳ್ಳಿದರು. ಮೈಸೂರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಕೆಳಗೆ ತೂರಿ, ಮೇಲೆ ಬಂದು, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಬಸ್ಸು ಓಡಿಸಿದ ಕೈಗೆ ಇಂಥ ಕಾರು ಕೊಟ್ಟರೆ ಇನ್ನೇನಾಗುತ್ತದೆ, ಗೇರು ಸುಟ್ಟುಹಾಕಿದ್ದಾನೆ, ಪೂರ್ತಿ ಇಳಿಸಿ ಬಿಚ್ಚಬೇಕು ಅಂದ.

ಸಾವ್ಕಾರರು ಕೂಗಾಡುವವರಲ್ಲ. ಅವತ್ತು ಸಂಜೆ ನನ್ನನ್ನು ಕರೆದು, "ಮುಂದಿನ ಹನೂರು ಸಂತೆ ಒಳಗ ಕಾರು ಏರು ಹತ್ಬೇಕು. ಇಲ್ದಿದ್ರ ಬೀಗದ ಕೈ ಇಟ್ಬುಟ್ಟು ಓಯ್ತಿರು" ಅಂದರು.

ಅವರ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ನಾನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಇದ್ದೆವು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರು ಕೆಡಿಸಿದವನು ಎಂಬ ಹೆಸರು ಹೊತ್ತ ಡ್ರೈವರನಿಗೆ ಕೊಳ್ಳೇಗಾಲದಿಂದ ಯಳಂದೂರಿನವರೆಗೆ, ಹನೂರಿನವರೆಗೆ, ಯಾರೂ ಸ್ಟೀರಿಂಗ್ ಕೊಡುತ್ತಿರಲಿಲ್ಲ. ಇದ್ದದ್ದೇ ಬೆರಳೆಣಿಕೆಯ ಗಾಡಿಗಳು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಲು ಒಂದು ದಿನ ಸಾಕು. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಶನಿವಾರ ಕಾರ್ಖಾನೆಯ ಬಾಗಿಲಲ್ಲಿ ಮೇಸ್ತ್ರಿಯನ್ನು ಹಿಡಿದೆ. ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು. "ನಾಳೀಕೆ ಮನೇಲಿ ಬಿದ್ಕಳಣ ಅಂತಿದ್ದಿ ಕಣ್ಲಾ" ಅಂದರು. ಸೈಕಲ್ ಹತ್ತುತ್ತಾ, "ಬತ್ತಿನಿ ನಡಿ" ಅಂದರು.

ಬಂದರು. ಬಂದವರೇ ಅಂಗಳದ ಕಲ್ಲುಬೆಂಚಿನ ಮೇಲೆ ಕೂತರು. ನನ್ನನ್ನು ಕೇಳಿದ್ದೇ ಕೇಳಿದ್ದು. ಕಾರು ಸೋಲುವುದು ಬೆಳಿಗ್ಗೆಯೋ ಮಧ್ಯಾಹ್ನವೋ, ಇಂಜಿನ್ ತಣ್ಣಗಿದ್ದಾಗಲೋ ಕಾದ ಮೇಲೋ, ಸೋತ ಮೇಲೆ ಸ್ವಲ್ಪ ಹೊತ್ತು ನಿಂತರೆ ಮತ್ತೆ ಎಳೆಯುತ್ತದೆಯೋ. ಆಮೇಲೆ ಸಾವ್ಕಾರರ ಕಡೆ ತಿರುಗಿದರು.

"ಕಾರು ಸೋತಾಗ ಇಂದ್ಲ ಸೀಟ್ನಲ್ಲಿ ನಿಮ್ಮ ಬೆನ್ನು ಎಂಗಿರ್ತದ ಸಾ?"

"ಬೆನ್ನಾ?" ಅಂದರು ಸಾವ್ಕಾರರು. "ಬೆನ್ನು ಬೆನ್ನಿನಂಗಿರ್ತದ."

"ಅಂಗಲ್ಲ ಸಾ. ಸೀಟಿಗೆ ಒರಗಿರ್ತದಾ, ಮುಂದಕ್ಕ ಜಗ್ತದಾ?"

ಸಾವ್ಕಾರರು ಯೋಚಿಸಿ, "ಒರಗಿರ್ತದ" ಅಂದರು.

"ಮುಂದಕ್ಕ ಜಗ್ಗಿದ್ದಾಗ ಯಾವತ್ತಾದ್ರೂ ಸೋತಿದ್ದದಾ?"

"ಇಲ್ಲ."

ಸಾಕು ಎಂಬಂತೆ ತಲೆಯಾಡಿಸಿ, ಹೊಂಗೆ ಮರದ ಕೆಳಗೆ ಗೋಣಿ ಹಾಸಿಕೊಂಡು ಮಲಗಿಬಿಟ್ಟರು. ಒಂದು ಗಂಟೆ ಗೊರಕೆ. ಸಾವ್ಕಾರರು ಬಾಗಿಲಿಗೆ ಬಂದು ನೋಡುವುದು, ನನ್ನನ್ನು ನೋಡುವುದು, ಒಳಗೆ ಹೋಗುವುದು. ನನಗೆ ಅಳು ಬರುವುದೊಂದು ಬಾಕಿ.

ಎದ್ದು ಕಾರನ್ನು ಕೆರೆ ಏರಿಯ ಹತ್ತಿರ ತರಿಸಿದರು. ಏರಿಗೆ ಮೂತಿ ಕೊಟ್ಟು ಹತ್ತಿಸು ಅಂದರು. ಇಂಜಿನ್ ಅರಚಿತು, ಕಾರು ಹತ್ತಲಿಲ್ಲ. "ತಿರುಗ್ಸು. ಇಂದ್ಲಿಂದ ಅತ್ಸು" ಅಂದರು. ನಾನು ತಿರುಗಿಸಿ ರಿವರ್ಸ್ ಹಾಕಿದೆ. ಅದೇ ಏರನ್ನು ಕಾರು ಹಿಂದುಹಿಂದಾಗಿ ಹಾಯಾಗಿ ಹತ್ತಿತು. ದನ ಮೇಯಿಸುತ್ತಿದ್ದವರೆಲ್ಲ ನಕ್ಕರು. ಇವರು ನಗಲಿಲ್ಲ, ಮಜ್ಜಿಗೆ ಬೇಕು ಅಂದರು.

ಮನೆಗೆ ಬಂದು ಅರ್ಧ ಚೊಂಬು ಮಜ್ಜಿಗೆ ಕುಡಿದು, ಉಳಿದದ್ದನ್ನು ಓರೆ ಮಾಡಿ ಸಾವ್ಕಾರರಿಗೆ ತೋರಿಸಿದರು. "ನೋಡಿ ಸಾ. ಚೊಂಬು ತುಂಬಿದ್ರ ಎಂಗೆ ಓರೆ ಮಾಡುದ್ರೂ ಎಲ್ಲಾ ಕಡೀಗೂ ಮಜ್ಜಿಗೆ ಇರ್ತದ. ಕಮ್ಮಿ ಇದ್ರ ಒಂದು ಕಡೀಕ ಓಯ್ತದ, ಇನ್ನೊಂದು ಕಡೆ ಒಣಗ್ತದ. ಈ ಕಾರಿಗ ಗೇರು ಇಡಿಯೋದು ಎಣ್ಣೆ. ಮೂತಿ ಮೇಲಾದ್ರ ಎಣ್ಣೆಯೆಲ್ಲ ಇಂದಕ್ಕ ಓಯ್ತದ, ಪಂಪಿಗ ಸಿಕ್ಕಲ್ಲ. ಯುದ್ದದಲ್ಲಿ ಇಂಥದೇ ಗೇರು ಟ್ಯಾಂಕ್ನಲ್ಲಿ ನೋಡಿದ್ದಿ. ಬಿಚ್ಚಿರ್ಲಿಲ್ಲ, ಈಗ್ಲೂ ಬಿಚ್ಚಾದು ಬ್ಯಾಡ. ಎಣ್ಣೆ ಕಮ್ಮಿ ಆಗದ, ಅಷ್ಟೆ."

ಎಣ್ಣೆ ನೋಡುವವನು ನಾನು. ಕಮ್ಮಿಯಾಗಿದ್ದರೆ ನಾನು ನೋಡಿಲ್ಲ ಎಂದೇ ಅರ್ಥ. ಇಂಜಿನ್ ಆರಿಸಿ, ಹಾಸು ಎತ್ತಿ, ಕಡ್ಡಿ ಎಳೆದು, ಒರೆಸಿ, ಅದ್ದಿ, ಸಾವ್ಕಾರರ ಮೂಗಿನ ಹತ್ತಿರ ಹಿಡಿದೆ. "ನೋಡಿ ಬುದ್ದಿ. ಗೆರೆ ಮಟ್ಟಕ್ಕ ಅದ. ದಿನಾ ನೋಡ್ತಿನಿ. ನನ್ನ ಮಕ್ಕಳಾಣೆಗೂ ದಿನಾ ನೋಡ್ತಿನಿ." ಸಾವ್ಕಾರರು ಕಡ್ಡಿ ನೋಡಿದರು, ಮೇಸ್ತ್ರಿಯನ್ನು ನೋಡಿದರು.

ಮೇಸ್ತ್ರಿ ಮತ್ತೆ ಕೂತರು. ಟವಲಿನಿಂದ ಕತ್ತು ಒರೆಸಿಕೊಂಡರು. ಆ ಹೊತ್ತಿನಲ್ಲಿ ಅವರ ಮುಖ ನೋಡಿ, ಈ ಮನುಷ್ಯನಿಗೆ ಇನ್ನು ಯೋಚಿಸುವ ಶಕ್ತಿಯೂ ಇಲ್ಲ, ನನ್ನ ಗತಿ ಮುಗಿಯಿತು ಅಂದುಕೊಂಡೆ.

"ನೀನು ಸುಳ್ಳೇಳ್ತಿಲ್ಲ" ಅಂದರು ಕೊನೆಗೆ. "ಇಂಜಿನ್ ಆಕು. ಓಡ್ತಾ ಇರ್ಲಿ. ಈಗ ಕಡ್ಡಿ ತಗಿ."

"ಓಡ್ತಿರುವಾಗ ತಗೀಬಾರ್ದು ಮೇಸ್ತ್ರಿ. ಪದ್ದತಿ ಅಲ್ಲ."

"ಅದು ಬಸ್ಸಿನ ಪದ್ದತಿ. ತಗಿಯಲೇ."

ಇಂಜಿನ್ ಓಡುತ್ತಿರುವಾಗಲೇ ಎಳೆದೆ. ಕಡ್ಡಿಯ ತುದಿ ಮಾತ್ರ ಒದ್ದೆ. ಒರೆಸಿ ಮತ್ತೆ ಅದ್ದಿದೆ. ಮತ್ತೆ ತುದಿ ಮಾತ್ರ. ಗೆರೆ ಎಲ್ಲೋ ಮೇಲೆ ಒಣಗಿತ್ತು. ಇಂಜಿನ್ ನಿಂತಾಗ ಮೇಲಿನ ಎಣ್ಣೆಯೆಲ್ಲ ಕೆಳಗೆ ಇಳಿದು ತುಂಬಿದ ಹಾಗೆ ಕಾಣುತ್ತದೆ, ಓಡುವಾಗ ಎಷ್ಟಿದೆಯೋ ಅದೇ ನಿಜವಾದ ಲೆಕ್ಕ ಎಂದು ಅವರು ಬಿಡಿಸಿ ಹೇಳಿದರು. ತಿಂಗಳುಗಟ್ಟಲೆ ನಾನು ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಶ್ರದ್ಧೆಯಿಂದ ತಪ್ಪು ಲೆಕ್ಕ ನೋಡಿದ್ದೆ. ಅಷ್ಟರಲ್ಲಿ ಹಿಂದುಗಡೆ ಎಲ್ಲೋ ಸೋರಿ ಎಣ್ಣೆ ಇಳಿಯುತ್ತಲೇ ಇತ್ತು.

"ಕಾರ್ ಜೊತೆಗ ಒಂದು ಪುಸ್ತಕ ಬಂದಿರ್ಬೇಕಲ್ಲ ಸಾ?" ಅಂದರು ಮೇಸ್ತ್ರಿ.

ಬಂದಿತ್ತು. ಕಾರು ಬಂದ ದಿನವೇ ಸಾವ್ಕಾರರು ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮನೆಯಲ್ಲಿ ಇಟ್ಟಿದ್ದರು. ಆಯುಧಪೂಜೆಗೆ ಹೊರಗೆ ಬರುತ್ತಿತ್ತು, ಹೂವು ಮುಡಿದು ಒಳಗೆ ಹೋಗುತ್ತಿತ್ತು. ಕೊಯಮತ್ತೂರಿನಲ್ಲಿ ಇಂಗ್ಲಿಷ್ ಓದಿದ್ದ ಅವರ ಸೊಸೆ ಅದನ್ನು ತಂದು, ಬಾಗಿಲ ಮರೆಯಲ್ಲಿ ನಿಂತು ಹಾಳೆ ತಿರುವಿದರು. ರಟ್ಟಿನ ಮೇಲೆ ವಿಭೂತಿಯ ಮೂರು ಪಟ್ಟೆ ಎದ್ದು ಕಾಣುತ್ತಿತ್ತು. ಆಕೆ ಮೆಲ್ಲಗೆ ಓದಿ, ಕನ್ನಡದಲ್ಲಿ ಹೇಳಿದರು: ಕಾರು ಸಮನೆಲದಲ್ಲಿರಬೇಕು, ಇಂಜಿನ್ ಕಾದಿರಬೇಕು, ಓಡುತ್ತಿರಬೇಕು, ಆಗ ಎಣ್ಣೆ ನೋಡಬೇಕು.

ಸಾವ್ಕಾರರ ಮುಖ ಕೆಂಪಾಯಿತು. ತಮ್ಮ ದೇವರ ಮನೆಯಲ್ಲೇ ಉತ್ತರ ಇಟ್ಟುಕೊಂಡು ಬೀಗರೆದುರಿಗೆ ಕಾರು ತಳ್ಳಿಸಿದ್ದು ಅವರಿಗೆ ಆಗ ಹೊಳೆದಿರಬೇಕು. ಆ ಸಿಟ್ಟನ್ನು ದೇವರ ಮೇಲೆ ಹಾಕುವ ಹಾಗಿಲ್ಲ, ಸೊಸೆಯ ಮುಂದೆ ತಮ್ಮ ಮೇಲೂ ಹಾಕಿಕೊಳ್ಳುವ ಹಾಗಿಲ್ಲ. ನನ್ನ ಕಡೆ ತಿರುಗಿದರು.

"ಅಂದ್ರ ಇಷ್ಟು ದಿನ ನೀನು ಮಾಡ್ತಿದ್ದುದ್ದು ಬರೀ ನಾಟ್ಕ ಅನ್ನು. ಗೊತ್ತಿಲ್ದಿದ್ರ ಕೇಳ್ಬೇಕಾಗಿತ್ತು. ಬೀಗದ ಕೈ ಇಡು."

ನಾನು ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟೆ. ಕೊಟ್ಟಿಗೆಯ ಪಕ್ಕದ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಅವಳ ಕಡೆ ನೋಡಲಾಗಲಿಲ್ಲ.

"ಅವನ ತಪ್ಪಲ್ಲ ಸಾ ಅದು" ಅಂದರು ಮೇಸ್ತ್ರಿ. ಕೂತಲ್ಲಿಂದ ಎದ್ದಿರಲಿಲ್ಲ. "ನಂದು. ಓದ ವರ್ಸ ಆರನ್ ಸರಿ ಮಾಡಕ ಬಂದಿದ್ನಲ್ಲ, ಅವತ್ತು ನನ್ನ ಕೇಳ್ದ, ಈ ಎಣ್ಣೆ ಎಂಗೆ ನೋಡಾದು ಅಂತ. ನಾ ನಿದ್ದಗಣ್ಣಲ್ಲಿ ಏಳ್ಬುಟ್ಟಿ, ಎಲ್ಲಾ ಗಾಡೀಗೂ ಒಂದೇ ಕಣ್ಲಾ, ಬೆಳಗ್ಗೆ ತಣ್ಣಗಿದ್ದಾಗ ನೋಡ್ಕ ಅಂತ. ಅವ್ನು ನಾ ಏಳ್ದಂಗೆ ಮಾಡವ್ನೆ."

ಅವರು ಹಾರನ್ ಸರಿ ಮಾಡಲು ಬಂದದ್ದು ನಿಜ. ಅವತ್ತು ಹಾರನ್ ಸರಿ ಮಾಡಿದರು, ಊಟ ಮಾಡಿದರು, ಮಲಗಿದರು, ಹೋದರು. ನಾನು ಎಣ್ಣೆಯ ವಿಷಯ ಕೇಳಿರಲಿಲ್ಲ. ಕೇಳಬೇಕು ಎಂದು ನನಗೆ ಅನ್ನಿಸಿಯೇ ಇರಲಿಲ್ಲ, ನನಗೆಲ್ಲ ಗೊತ್ತಿದೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಶುದ್ಧ ಸುಳ್ಳು.

ಸಾವ್ಕಾರರು ನನ್ನನ್ನು ನೋಡಿದರು. "ಅವ್ದಾ?" ಅಂದರು.

ಹೌದು ಅಂದೆ. ಒಂದೇ ಮಾತು, ಅಷ್ಟು ಸಲೀಸಾಗಿ ಬಂತು. ಆಮೇಲೆ ಸಾವ್ಕಾರರು ಮೇಸ್ತ್ರಿಗೆ ಏನೇನೆಂದರು ಎಂದು ಬರೆಯಲು ನಾಚಿಕೆಯಾಗುತ್ತದೆ. ಗೊತ್ತಿಲ್ಲದ ಮೇಲೆ ಯಾಕೆ ಹೇಳಿಕೊಡಬೇಕು, ಮಿಲಿಟರಿ ಮಿಲಿಟರಿ ಎಂದು ಊರೆಲ್ಲ ಹೊತ್ತು ಮೆರೆಸಿದ್ದು ಇದಕ್ಕೇನಾ ಅಂದರು. ಅವರು ತಲೆ ಬಗ್ಗಿಸಿ ಕೇಳಿಸಿಕೊಂಡರು. "ತಪ್ಪಾಯ್ತು ಸಾ" ಅಂದರು. ಬೀಗದ ಕೈ ಬಾನೆಟ್ಟಿನ ಮೇಲೆಯೇ ಇತ್ತು. ಸಾವ್ಕಾರರು ಒಳಗೆ ಹೋಗುವಾಗ, "ತಕ್ಕೋ ಅದ್ನ" ಅಂದರು.

ಆ ಗೇರಿಗೆ ಹಾಕುವ ಎಣ್ಣೆಯೇ ಬೇರೆ, ಕೊಯಮತ್ತೂರಿನಿಂದ ಬರಲು ಎರಡು ವಾರ ಹಿಡಿಯಿತು. ಅಷ್ಟೆಲ್ಲ ಅನ್ನಿಸಿಕೊಂಡ ಮನುಷ್ಯ ಮತ್ತೆ ಬಂದರು. ಕೆಳಗೆ ಮಲಗಿ ಹಿಂದುಗಡೆಯ ಸೋರಿಕೆ ಕಟ್ಟಿದರು. ಇಂಜಿನ್ ಓಡಿಸುತ್ತಾ ಸ್ವಲ್ಪಸ್ವಲ್ಪವೇ ಎಣ್ಣೆ ಹಾಕಿಸಿದರು. ಹಳೆ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿ, "ಸೀದ ವಾಸ್ನೆ ಬತ್ತದ. ಒಳಗ ಒಸಿ ಸುಟ್ಟದ. ಮೆಲ್ಲಗ ಓಡ್ಸುದ್ರ ಇನ್ನೂ ನಾಕು ವರ್ಸ ಬತ್ತದ" ಅಂದರು. ಕಾರು ಕೆರೆ ಏರಿಯನ್ನು ಮೂತಿ ಮುಂದಾಗಿಯೇ ಹತ್ತಿತು. ಸಾವ್ಕಾರರು ಹೊರಗೆ ಬಂದು ನೋಡಲಿಲ್ಲ. ಅವತ್ತು ಮಜ್ಜಿಗೆ ಕೊಡಿ ಎಂದು ಒಳಗಿನಿಂದಲೂ ಯಾರೂ ಹೇಳಲಿಲ್ಲ, ನನ್ನ ಹೆಂಡತಿಯೇ ತಂದು ಕೊಟ್ಟಳು.

ಹೊರಡುವಾಗ ಸೈಕಲ್ ಹಿಡಿದುಕೊಂಡು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು.

"ನಂಗ ಬಾಯ್ಲರ್ ಅದ. ನಿಂಗ ಏನ್ಲಾ ಅದ?" ಅಂದರು. ಆಮೇಲೆ ಆಕಳಿಸಿ, "ಬುಡು ಅತ್ಲಾಗೆ. ಇನ್ನು ಯಾವನೂ ಕರಿಯಕಿಲ್ಲ. ಬಾನುವಾರ ಆಯಾಗಿ ಮನಗ್ತಿನಿ" ಎಂದು ಸೈಕಲ್ ಹತ್ತಿದರು.

ನಿಜಕ್ಕೂ ಯಾರೂ ಕರೆಯಲಿಲ್ಲ. ಸಾವ್ಕಾರರು ಕೂಗಾಡುವವರಲ್ಲ ಎಂದೆನಲ್ಲ, ಮೆಲ್ಲಗೆ ಆಡಿದ ಮಾತು ಇನ್ನೂ ದೂರ ಹೋಗುತ್ತದೆ. ಕೊಳ್ಳೇಗಾಲದ ರೇಷ್ಮೆ ಮಂಡಿಯಲ್ಲಿ, ಹನೂರಿನ ಸಂತೆಯಲ್ಲಿ, ಯಳಂದೂರಿನ ನೆಂಟರ ಮನೆಯಲ್ಲಿ, ಎಲ್ಲ ಕಡೆ ಹೇಳಿದರು. ಹೇಳುವಾಗ ಕಾರಿನ ಪಕ್ಕದಲ್ಲಿ ನಾನು ನಿಂತಿರುತ್ತಿದ್ದೆ. ದೊಡ್ಡವಳಿಗೆ ಜ್ವರ ಬಿಡಲಿ, ಚಿಕ್ಕವಳಿಗೆ ಹೆಸರಿಡುವುದು ಮುಗಿಯಲಿ, ಆಮೇಲೆ ನಿಜ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಲಿಲ್ಲ. ಹೇಡಿತನಕ್ಕೆ ಯಾವಾಗಲೂ ಒಂದು ನೆಪ ಕೈಗೆ ಸಿಗುತ್ತದೆ, ನನಗಂತೂ ಎರಡು ವರ್ಷ ಸಿಗುತ್ತಲೇ ಇತ್ತು. ಪೇಟೆಯಲ್ಲಿ ಎದುರಾದರೆ ಅವರು "ಎಂಗದ್ಲಾ ನಿನ್ನ ಕಾರು?" ಅನ್ನುತ್ತಿದ್ದರು. ನಾನು ಚೆನ್ನಾಗಿದೆ ಅನ್ನುತ್ತಿದ್ದೆ. ಹೋಗಲಿ, ಮನುಷ್ಯ ವಾರಕ್ಕೊಂದು ದಿನವಾದರೂ ನಿದ್ದೆ ಮಾಡುತ್ತಿದ್ದಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅವರು ಹೋದದ್ದು ಎದೆಯ ಕಾಯಿಲೆಯಿಂದ. ನನಗೆ ತಿಳಿದಾಗ ಹದಿನೈದು ದಿನ ಕಳೆದಿತ್ತು, ಹನೂರಿನ ಬಸ್ ನಿಲ್ದಾಣದಲ್ಲಿ ಆ ಕೋಳಿ ಬುಟ್ಟಿಯ ಕಂಡಕ್ಟರ್ ಹೇಳಿದ. ಸಾವ್ಕಾರರ ಹತ್ತಿರ ಸುಳ್ಳು ಹೇಳಿ ಒಂದು ದಿನ ರಜೆ ಪಡೆದು ಅಗರಕ್ಕೆ ಹೋದೆ. ಮನೆ ಯಳಂದೂರಿನ ರಸ್ತೆಯ ಪಕ್ಕದಲ್ಲೇ ಇತ್ತು. ಆ ರಸ್ತೆಯಲ್ಲಿ ಎಷ್ಟೋ ಭಾನುವಾರ ಕಾರು ಓಡಿಸಿದ್ದೆ, ಆ ಮನೆ ಅವರದು ಎಂದು ಗೊತ್ತೇ ಇರಲಿಲ್ಲ.

ಅವರ ಹೆಂಡತಿ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದರು. ಮೇಸ್ತ್ರಿಯ ಪರಿಚಯದವನು, ಮಧುವನಹಳ್ಳಿ ಕಡೆಯವನು ಅಂದೆ. ನೀರು ಕೊಟ್ಟರು. ಕಾಯಿಲೆಯ ವಿಷಯ ಹೇಳಿದರು. ಆಮೇಲೆ ನಾನೇ ಕೇಳಿದೆ, "ಕಡೆ ಕಡೇಲಿ ಬಾನುವಾರನಾದ್ರೂ ಒಸಿ ಸುಧಾರಿಸ್ಕತಿದ್ರಾ ಅಕ್ಕ?"

"ಎಲ್ಲಿ ಸುಧಾರಿಸ್ಕತಿದ್ರು" ಅಂದರು ಆಕೆ. "ಬಾನುವಾರ ಬಂದ್ರ ಒತ್ತಾರಿಗೇ ಮಿಂದ್ಬುಟ್ಟು, ಒಗೆದ ಅಂಗಿ ಆಕ್ಕೊಂಡು, ಈ ಜಗಲಿ ಮೇಲ ಕೂತ್ಕತಿದ್ರು. ಯಾರಾದ್ರೂ ಕರಿಯಕ ಬಂದಾರು ಅಂತ. ಮನಗ್ರಿ ಅಂದ್ರ ಕೇಳ್ತಿರ್ಲಿಲ್ಲ. ಮೋಟ್ರು ಸದ್ದಾದ್ರ ಸಾಕು, ಎದ್ದು ನಿಂತ್ಕಂಡು ನೋಡೋರು. ಮದುವನಳ್ಳಿ ಕಾರು ಓಯ್ತಾ ಅದ ಕಣೇ, ಗೇರು ಚೆಂದಾಗಿ ಬೀಳ್ತಾ ಅದ ಅನ್ನೋರು. ಅದು ಕಣ್ಮರೆ ಆಗೋಗಂಟ ನಿಂತಿದ್ದು ಕೂತ್ಕತಿದ್ರು."

ನಿಲ್ಲಿಸದೆ ಹಾಯ್ದುಹೋದ ಭಾನುವಾರಗಳೆಲ್ಲ ಒಟ್ಟಿಗೆ ಮೇಲೆ ಬಿದ್ದ ಹಾಗಾಯಿತು. ನಾನೇ ಆ ಡ್ರೈವರು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಮೊರ ಕೆಳಗಿಟ್ಟು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ತಗ್ಗಿದ ದನಿಯಲ್ಲಿ ಕೇಳಿದರು.

"ನೀವು ಆ ಕಡೆಯವ್ರೇ ಅಂತೀರಿ. ಆ ಮನೇಲಿ ಒಬ್ಬ ಡ್ರೈವರ್ ಇದ್ದನಂತಲ್ಲ, ನಮ್ಮೋರು ಅವನಿಗ ಏನೋ ತಪ್ಪು ಏಳ್ಕೊಟ್ಬುಟ್ಟು, ಪಾಪ, ಅವನ ಕೆಲ್ಸಕ್ಕೇ ಕುತ್ತು ಬಂದಿತ್ತಂತ. ಊರೆಲ್ಲ ಆಡ್ಕಂಡ್ರು. ಇವ್ರು ಒಂದು ಮಾತು ಆಡ್ಲಿಲ್ಲ, ತಲೆ ಬಗ್ಗಿಸ್ಕಂಡ್ರು. ಮಕ್ಕಳೊಂದಿಗ ಅಂತ, ಅಲ್ವಾ ಅವ್ನು?"

"ಊಂ ಅಕ್ಕ. ಎರಡು ಹೆಣ್ಣುಮಕ್ಕಳು."

"ಕಂಡ್ರ ಏಳಿ ಅವನಿಗ. ಬೇಕೂಂತ ಮಾಡಿದ್ದಲ್ಲ, ನಿದ್ದಗೆಟ್ಟಿದ್ರು, ಅದ್ಕ ತಪ್ಪಾಯ್ತು. ನಮ್ಮೋರ ಮೇಲ ಕ್ವಾಪ ಮಡಿಕಬ್ಯಾಡ ಅಂತ ಏಳಿ."

ಹೇಳ್ತೀನಿ ಅಕ್ಕ, ಅಂದೆ.